ಬ್ಯಾಪ್ಟಿಸ್ಟ್ ಇತಿಹಾಸ ಸಂಘವೊಂದರ ಚರಿತ್ರೆಯನ್ನು ಬರೆಯುವ ಬಗೆ

ಇಂಥ ಸಂಘದ ಚರಿತ್ರೆಯನ್ನು ಪದಾಧಿಕಾರಿಗಳ ಪಟ್ಟಿಯಿಂದ ಆರಂಭಿಸಬೇಡಿ. ಅದು ಕಾಪಾಡಿದ ಕಾಗದಪತ್ರಗಳಿಂದ ಆರಂಭಿಸಿ. ಪ್ರಾಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡವಾದ ಬ್ಯಾಪ್ಟಿಸ್ಟರ ಸಭೆಗಳು ಸ್ವಯಮಾಡಳಿತದವಾದ್ದರಿಂದ ಅವುಗಳ ದಾಖಲೆಗಳು ಒಂದೇ ಕೇಂದ್ರದಲ್ಲಿ ಸಹಜವಾಗಿ ಒಟ್ಟುಗೂಡುವುದಿಲ್ಲ. ಚದುರಿದ ನಡಾವಳಿ ಪುಸ್ತಕಗಳನ್ನು ಕಲೆಹಾಕುವ ಅಗತ್ಯವೇ ಇಂಥ ಸಂಘಗಳ ಹುಟ್ಟಿಗೆ ಕಾರಣ ಎಂಬುದನ್ನು ಮೊದಲೇ ಸ್ಪಷ್ಟಪಡಿಸಿ.

1853ರಲ್ಲಿ ಸ್ಥಾಪನೆಯಾದ ಅಮೆರಿಕನ್ ಬ್ಯಾಪ್ಟಿಸ್ಟ್ ಹಿಸ್ಟಾರಿಕಲ್ ಸೊಸೈಟಿಯನ್ನು ತೆಗೆದುಕೊಳ್ಳಿ. 1896ರಲ್ಲಿ ಫಿಲಡೆಲ್ಫಿಯಾದಲ್ಲಿ ಹೊತ್ತಿದ ಬೆಂಕಿಯಲ್ಲಿ ಅದರ ಸಂಗ್ರಹದ ಬಹುಭಾಗ ನಾಶವಾಯಿತು. ಹಾಗಾಗಿ ಯಾವುದೇ ಹಳೆಯ ಪುಸ್ತಕವನ್ನು ಕೈಗೆತ್ತಿಕೊಂಡಾಗ ಮುಖಪುಟದ ಮುದ್ರಣ ವರ್ಷಕ್ಕೆ ತೃಪ್ತರಾಗದೆ, ಒಳರಟ್ಟಿನ ಮೇಲಿನ ದಾನಿಯ ಹೆಸರು, ಸ್ವೀಕೃತಿಯ ಮೊಹರು, ಮಸುಕಾದ ಶಾಯಿಯ ಕ್ರಮಸಂಖ್ಯೆ ಇವುಗಳನ್ನು ಗುರುತು ಹಾಕಿಕೊಂಡು, ಅದು ಬೆಂಕಿಯಿಂದ ಉಳಿದದ್ದೋ ಅನಂತರ ಬಂದದ್ದೋ ಎಂದು ನಿರ್ಧರಿಸಿ. ಕಳೆದುಹೋದದ್ದನ್ನು ಮತ್ತೆ ಕೂಡಿಸಿದವರ ಶ್ರಮವೇ ಈ ಚರಿತ್ರೆಯ ಹೃದಯವೆಂದು ನನ್ನ ದೃಢ ನಂಬಿಕೆ.

ಸ್ಥಳಾಂತರಗಳನ್ನು ಚುಟುಕಾಗಿ ಹೇಳಿದರೆ ಸಾಕು: ಸಂಗ್ರಹವು ಮುಂದೆ ರೋಚೆಸ್ಟರಿಗೂ, 2008ರಲ್ಲಿ ಮರ್ಸರ್ ವಿಶ್ವವಿದ್ಯಾಲಯದ ಅಟ್ಲಾಂಟಾ ಆವರಣಕ್ಕೂ ಹೋಯಿತು.

ಇಂಗ್ಲೆಂಡಿನಲ್ಲಿ 1908ರಲ್ಲಿ ಹುಟ್ಟಿದ ಬ್ಯಾಪ್ಟಿಸ್ಟ್ ಹಿಸ್ಟಾರಿಕಲ್ ಸೊಸೈಟಿಯ ಬಗ್ಗೆ ಬರೆಯುವುದಾದರೆ ಅದರ ನಿಯತಕಾಲಿಕದ ಹಳೆಯ ಸಂಚಿಕೆಗಳನ್ನು ಕ್ರಮವಾಗಿ ಓದಿ. ಕನ್ನಡಿಗರಿಗೆ ಈ ಪರಂಪರೆ ದೂರದ್ದಲ್ಲ: ಬಂಗಾಳದ ಶ್ರೀರಾಮಪುರದ ಬ್ಯಾಪ್ಟಿಸ್ಟ್ ಮಿಷನರಿ ವಿಲಿಯಂ ಕೇರಿ 1817ರಲ್ಲಿ ಕನ್ನಡ ವ್ಯಾಕರಣವನ್ನು ಅಚ್ಚು ಹಾಕಿಸಿದ್ದರು.