ಬಿಸಿಲಿಗೇ ನೆಟ್ಟಗಾದ ತಂತಿ

ನಮ್ಮ ಲ್ಯಾಬ್ ಬೆಂಗಳೂರಿನಲ್ಲಿದೆ. ಕೆಲಸ ನಿಟಿನಾಲ್ ಮೇಲೆ. ನಿಕಲ್, ಟೈಟಾನಿಯಂ ಹೆಚ್ಚುಕಡಿಮೆ ಅರ್ಧರ್ಧ ಸೇರಿದ ಲೋಹ ಅದು. ತಣ್ಣಗಿರುವಾಗ ಬಾಗಿಸಿದರೆ ಹಾಗೇ ಇರುತ್ತದೆ, ಬಿಸಿ ತಾಗಿದರೆ ಹಳೆಯ ಆಕಾರಕ್ಕೆ ಮರಳುತ್ತದೆ. ಭೌತಶಾಸ್ತ್ರದವರು, ಮೆಕ್ಯಾನಿಕಲ್‌ನವರು, ಇದೇ ಲೋಹದ ತಂತಿಯಿಂದ ಹಲ್ಲಿಗೆ ಕ್ಲಿಪ್ ಹಾಕುವ ಡಾಕ್ಟರೊಬ್ಬರು ಒಂದೇ ಮೇಜಿನ ಸುತ್ತ ಕೂರುತ್ತೇವೆ. ಮೊದಲ ಆರು ತಿಂಗಳು ಬರೀ ಗೊಂದಲ. ನಾವು ಒತ್ತಡವನ್ನು ಮೆಗಾಪಾಸ್ಕಲ್ ಲೆಕ್ಕದಲ್ಲಿ ಹೇಳಿದರೆ ಡಾಕ್ಟರು, "ಅದಿರಲಿ, ಹಲ್ಲು ನೋಯುತ್ತೋ ಇಲ್ವೋ ಹೇಳಿ" ಅನ್ನುತ್ತಿದ್ದರು.

ಶಾಲೆಗಳಿಗೆ ಹೋಗಿ ತೋರಿಸುವುದು ಪ್ರಾಜೆಕ್ಟಿನ ಒಂದು ಷರತ್ತು. ನಿಜ ಹೇಳಬೇಕೆಂದರೆ, ಫೋಟೋ ತೆಗೆಸಿಕೊಂಡು ಬಂದರಾಯಿತು ಅಂದುಕೊಂಡಿದ್ದೆ.

ಮಾರ್ಚ್ ಕೊನೆ, ಕಲಬುರಗಿ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆ. ಮೇಲೆ ತಗಡಿನ ಸೂರು. 40 ಡಿಗ್ರಿ ಆಸುಪಾಸಿನಲ್ಲಿ ನೆಟ್ಟಗಾಗುವ ತಂತಿ ಒಯ್ದಿದ್ದೆ. ಬೆಂಗಳೂರಿನಲ್ಲಿ ನೂರು ಸಲ ಮಾಡಿ ನೋಡಿದ್ದು. ಇಲ್ಲಿ ಸುರುಳಿ ಸುತ್ತಿದೆ, ಬಿಸಿನೀರಿನ ಫ್ಲಾಸ್ಕ್ ಮುಚ್ಚಳ ತೆಗೆಯುವಷ್ಟರಲ್ಲಿ ಅದು ತಾನೇ ಬಿಚ್ಚಿಕೊಂಡಿತು. ಇನ್ನೊಮ್ಮೆ ಸುತ್ತಿದೆ. ಮತ್ತೆ ಅದೇ ಕಥೆ.

"ಇದಕ್ಕೂ ಬಿಸಿಲು ಬಡದದ ನೋಡ್ರಿ ಸರ್" ಅಂದ ಹಿಂದಿನ ಬೆಂಚಿನ ಹುಡುಗ. ಎಲ್ಲರೂ ನಕ್ಕರು. ಅವನು ಹೇಳಿದ್ದು ಅಕ್ಷರಶಃ ಸರಿ! ಕೋಣೆಯ ಸೆಕೆಯೇ ತಂತಿಗೆ ಸಾಕಾಗಿತ್ತು. ಈ ಲೋಹ ಹಾಗೇ, ಬಹಳ ಸೂಕ್ಷ್ಮ. ನಿಕಲ್ ಶೇ. 0.1ರಷ್ಟು ಜಾಸ್ತಿಯಾದರೂ ಅದು ಹಳೆಯ ಆಕಾರಕ್ಕೆ ಮರಳುವ ಉಷ್ಣತೆ ಸುಮಾರು 10 ಡಿಗ್ರಿ ಇಳಿಯಬಹುದು. ಇಷ್ಟೆಲ್ಲ ಗೊತ್ತಿದ್ದ ನಾನು ಊರಿನ ಬಿಸಿಲನ್ನೇ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮೂಲೆಯಲ್ಲಿ ಕುಡಿಯುವ ನೀರಿನ ಮಣ್ಣಿನ ಗಡಿಗೆ ಇತ್ತು. ಅದರಿಂದ ಒಂದು ಲೋಟ ನೀರು ತೆಗೆದು ತಂತಿ ಅದ್ದಿದೆ. ನೀರೊಳಗೇ ಬಾಗಿಸಿದೆ, ಬಾಗಿ ನಿಂತಿತು. ಹೊರಗೆ ತೆಗೆದು ಹುಡುಗರ ಅಂಗೈ ಮೇಲೆ ಇಟ್ಟೆ. ನಿಧಾನಕ್ಕೆ ನೆಟ್ಟಗಾಯಿತು. ಫ್ಲಾಸ್ಕ್ ಬೇಕೇ ಆಗಲಿಲ್ಲ.

ಆಗ ಒಬ್ಬ ಹುಡುಗಿ ಕೇಳಿದಳು: ಗಡಿಗೆ ನೀರು ತಣ್ಣಗಿರುತ್ತದೆ, ಸ್ಟೀಲ್ ಕೊಡದ್ದು ಯಾಕಿಲ್ಲ? ಅಲ್ಲಿಗೆ ನನ್ನ ಸ್ಲೈಡುಗಳ ಕಥೆ ಮುಗಿಯಿತು. ಉಳಿದ ಹೊತ್ತೆಲ್ಲ ಗಡಿಗೆಯ ಸುತ್ತಲೇ ಕಳೆಯಿತು. ಸುಟ್ಟ ಮಣ್ಣಿನ ಸಣ್ಣ ಸಣ್ಣ ರಂಧ್ರ, ಅವುಗಳಿಂದ ಹೊರಗೆ ಜಿನುಗುವ ನೀರು, ಆವಿಯಾಗುತ್ತಾ ಅದು ಒಯ್ಯುವ ಶಾಖ, ಹಳೆಯ ಗಡಿಗೆ ಯಾಕೆ ಅಷ್ಟು ತಂಪು ಕೊಡಲ್ಲ, ಹೀಗೆ.

ಈಗ ಚೀಲದಲ್ಲಿ 60 ಡಿಗ್ರಿಯ ತಂತಿಯೂ ಒಂದು ಥರ್ಮಾಮೀಟರೂ ಇರುತ್ತವೆ. ಹೊರಡುವ ಮುಂಚೆ ಶಾಲೆಗೆ ಫೋನ್ ಮಾಡಿ, ಪ್ರೊಜೆಕ್ಟರ್ ಇದೆಯಾ ಅಂತ ಕೇಳಲ್ಲ. ಗಡಿಗೆ ಇದೆಯಾ ಅಂತ ಕೇಳುತ್ತೇನೆ.