ನಂಬರ್ ಹತ್ತುವ ಮುಂಚೆ: ಲೈಸೆನ್ಸಿನ ರಿವಾಲ್ವರ್ ಆರಿಸುವುದು ಹೇಗೆ?

ಚಿಂಚವಡದಲ್ಲಿ ಹೋಟೆಲ್ ನಡೆಸುವ ಕುಂದಾಪುರ ಕಡೆಯವರೊಬ್ಬರು ಎರಡು ವರ್ಷ ಓಡಾಡಿ ಲೈಸೆನ್ಸ್ ಪಡೆದರು. ರಿವಾಲ್ವರ್ ಆರಿಸಲು ಅವರು ಅಂಗಡಿಯಲ್ಲಿ ಕಳೆದದ್ದು ಹತ್ತೇ ನಿಮಿಷ. ಮನೆಗೆ ತಂದ ಮೇಲೆ ನನಗೆ ಫೋನ್ ಬಂತು: "ಸುಬೇದಾರ್ರೇ, ಒಂದ್ಸಲ ಬಂದ್ ಕಾಣಿ ಮಾರಾಯ್ರೆ, ಟ್ರಿಗರ್ ಎಳೂಕೇ ಆತಿಲ್ಲ." ಹೋಗಿ ನೋಡಿದೆ. ಆಯುಧದಲ್ಲಿ ದೋಷವೇನೂ ಇರಲಿಲ್ಲ. ದಶಕಗಳ ಹಿಂದೆ ಅಡುಗೆಮನೆಯಲ್ಲಿ ಪೆಟ್ಟಾಗಿದ್ದ ಅವರ ತೋರುಬೆರಳಿಗೆ ಅದನ್ನು ಪೂರ್ತಿ ಎಳೆಯುವ ಶಕ್ತಿ ಇರಲಿಲ್ಲ, ಅಷ್ಟೆ. ಆದರೆ ಅಷ್ಟರಲ್ಲಿ ಆಯುಧದ ನಂಬರ್ ಲೈಸೆನ್ಸ್ ಪುಸ್ತಕಕ್ಕೆ ಹತ್ತಿಬಿಟ್ಟಿತ್ತು. ಅಳತೆ ತಪ್ಪಿದ ಚಪ್ಪಲಿಯಂತೆ ಅಂಗಡಿಗೆ ಹಿಂದಿರುಗಿಸುವ ವಸ್ತು ಇದಲ್ಲ. ಬದಲಾಯಿಸಬೇಕೆಂದರೆ ಮತ್ತೆ ಅರ್ಜಿ, ಮತ್ತೆ ಅನುಮತಿ, ಮತ್ತೆ ತಿಂಗಳುಗಟ್ಟಲೆ ಕಾಯುವುದು.

ಫೌಜಿನಲ್ಲಿ ಆರ್ಮರರ್, ಅಂದರೆ ಆಯುಧ ದುರಸ್ತಿ ಮಾಡುವವನು, ಆಗಿದ್ದು ನಿವೃತ್ತಿಯ ಬಳಿಕ ಪುಣೆಯ ಖಡಕಿಯಲ್ಲೇ ಉಳಿದವನು ನಾನು. ಪುಣೆಯ ನಮ್ಮ ಕನ್ನಡ ಜನ ಇದೇ ತಪ್ಪನ್ನು ಮತ್ತೆ ಮತ್ತೆ ಮಾಡುವುದನ್ನು ಕಂಡು ಇದನ್ನು ಬರೆಯುತ್ತಿದ್ದೇನೆ. ಲೈಸೆನ್ಸ್ ಬಂದವರಿಗೂ ಬರಲಿರುವವರಿಗೂ ಮಾತ್ರ ಈ ಮಾತು. ಲೈಸೆನ್ಸ್ ಇಲ್ಲದೆ ಆಯುಧ ಇಟ್ಟುಕೊಂಡರೆ, ಆಯುಧ ಕಾಯ್ದೆಯ 2019ರ ತಿದ್ದುಪಡಿಯ ನಂತರ, ಕನಿಷ್ಠ 2 ವರ್ಷದಿಂದ 5 ವರ್ಷದವರೆಗೆ ಜೈಲು. "ಯಾರಿಗೂ ಗೊತ್ತಾಗೂದಿಲ್ಲ ಬಿಡ್ರಿ" ಎಂದು ಕಳ್ಳಮಾಲು ತೋರಿಸುವವನನ್ನು ಹೊಸ್ತಿಲಿನಿಂದಲೇ ಕಳಿಸಿಬಿಡಿ.

ಕಾಗದಪತ್ರ

ವಯಸ್ಸು 21 ತುಂಬಿರಬೇಕು. ಅರ್ಜಿ ಎ-1 ನಮೂನೆಯಲ್ಲಿ. ಜೊತೆಗೆ ವೈದ್ಯರ ಪ್ರಮಾಣಪತ್ರ, ಸುರಕ್ಷಿತವಾಗಿ ಆಯುಧ ಬಳಸುವ ತರಬೇತಿಯ ಪ್ರಮಾಣಪತ್ರ, ಬೆದರಿಕೆಗೆ ಪುರಾವೆ. ಪುಣೆ, ಮುಂಬಯಿಗಳಲ್ಲಿ ಲೈಸೆನ್ಸ್ ಕೊಡುವವರು ಪೊಲೀಸ್ ಕಮಿಷನರ್, ಗೋವೆಯಲ್ಲಾದರೆ ಜಿಲ್ಲಾಧಿಕಾರಿ. ವಾಕಡ, ಹಿಂಜವಡಿಯವರು ಪುಣೆ ಕಮಿಷನರ್ ಕಚೇರಿಗೆ ಹೋಗಿ ದಿನ ಹಾಳುಮಾಡಿಕೊಳ್ಳುತ್ತಾರೆ. 2018ರಿಂದ ಅವರದು ಪಿಂಪ್ರಿ-ಚಿಂಚವಡ ಕಮಿಷನರೇಟ್.

ನಮ್ಮವರು ತಪ್ಪದೆ ನೋಡಬೇಕಾದ ಸಾಲು ಒಂದಿದೆ: ಲೈಸೆನ್ಸ್ ಯಾವ ಪ್ರದೇಶಕ್ಕೆ ಅನ್ವಯಿಸುತ್ತದೆ ಎಂಬುದು. ಅಲ್ಲಿ ಮಹಾರಾಷ್ಟ್ರ ಎಂದಷ್ಟೇ ಇದ್ದರೆ, ಊರ ಜಾತ್ರೆಗೆ ಹೊರಟ ನೀವು ಕೊಲ್ಹಾಪುರದವರೆಗೆ ಸರಿ, ನಿಪ್ಪಾಣಿ ಮುಟ್ಟಿದ ಕ್ಷಣದಿಂದ ತಪ್ಪು. ಸೊಂಟದಲ್ಲಿದೆ ಎಂಬುದನ್ನೇ ಮರೆತು ಗಡಿ ದಾಟಿದವರನ್ನು ಕಂಡಿದ್ದೇನೆ.

ಯಾವ ಬೋರ್

ಬೋರ್ ಎಂದರೆ ನಳಿಗೆಯ ಒಳಅಳತೆ. ಇಲ್ಲಿ ಆಯ್ಕೆ ಬಹಳ ಇಲ್ಲ, ಹಾಗಾಗಿ ತಲೆಬಿಸಿಯೂ ಬೇಡ. 9 ಎಂಎಂ ನಿಷೇಧಿತ ಬೋರ್, ಸಾಮಾನ್ಯ ನಾಗರಿಕರಿಗೆ ಸಿಗುವುದಿಲ್ಲ. ಅಮೆರಿಕದವರ ವಿಡಿಯೊ ನೋಡಿಕೊಂಡು ಬಂದು ಆ ಹೆಸರು ಈ ಹೆಸರು ಹೇಳುವ ಹುಡುಗರಿಗೆ ನಾನು ಮೊದಲು ಹೇಳುವುದು ಇದನ್ನೇ. ನಮಗೆ ಹೆಚ್ಚಾಗಿ ಇರುವುದು ಇಂಚಿನ ಲೆಕ್ಕದ .32, ಜೊತೆಗೆ .22. ರಕ್ಷಣೆಗೆ .22 ಬೇಡ ಎನ್ನುತ್ತೇನೆ. ಅದರ ತೋಟಾದಲ್ಲಿ ಸಿಡಿಮದ್ದು ತಳದ ಅಂಚಿನೊಳಗೆ ಇರುತ್ತದೆ, ತಳದ ನಡುವೆ ಸಿಡಿಮದ್ದಿನ ಕ್ಯಾಪ್ ಇರುವ ತೋಟಾಕ್ಕಿಂತ ಹೆಚ್ಚು ಸಲ ಸಿಡಿಯದೆ ಹುಸಿ ಹೋಗುತ್ತದೆ.

.32ರಲ್ಲೇ ಎರಡು ಜಾತಿ ಎಂಬುದು ನೆನಪಿರಲಿ. ರಿವಾಲ್ವರಿನದು ಉದ್ದ ತೋಟಾ, ತಳದಲ್ಲಿ ಅಗಲವಾದ ಅಂಚು. ಪಿಸ್ತೂಲಿನದು ಗಿಡ್ಡ, 7.65 ಎಂಎಂ ಎಂದೂ ಕರೆಯುತ್ತಾರೆ. ಒಂದರದು ಇನ್ನೊಂದಕ್ಕಲ್ಲ. ಒಳಗೆ ಇಳಿಯಿತು ಎಂದ ಮಾತ್ರಕ್ಕೆ ಅದರದೇ ತೋಟಾ ಎಂದು ತಿಳಿಯಬೇಡಿ.

ರಿವಾಲ್ವರೋ ಪಿಸ್ತೂಲೋ

ಮೊದಲ ಸಲ ಕೊಳ್ಳುವವರು ರಿವಾಲ್ವರನ್ನೇ ಕೊಳ್ಳಿ. ಈ ಮಾತಿನಿಂದ ನಾನು ಹಿಂದೆ ಸರಿಯುವುದಿಲ್ಲ. ತೋಟಾ ಹುಸಿಯಾದರೆ ರಿವಾಲ್ವರಿನಲ್ಲಿ ಇನ್ನೊಮ್ಮೆ ಟ್ರಿಗರ್ ಎಳೆದರೆ ಸಾಕು, ಮುಂದಿನ ತೋಟಾ ತಾನೇ ಎದುರಿಗೆ ಬರುತ್ತದೆ. ಪಿಸ್ತೂಲಿನಲ್ಲಿ ಮೇಲಿನ ಜಾರುಭಾಗ, ಅಂದರೆ ಸ್ಲೈಡ್, ಹಿಂದಕ್ಕೆಳೆದು ಕೆಟ್ಟ ತೋಟಾ ಹೊರಹಾಕಬೇಕು, ಅದಕ್ಕೆ ಎರಡೂ ಕೈ ಬೇಕು, ನೂರಾರು ಸಲದ ಅಭ್ಯಾಸ ಬೇಕು. ಹೋಟೆಲ್ ಗಲ್ಲಾ ಮುಚ್ಚಿ ರಾತ್ರಿ ಒಂದು ಗಂಟೆಗೆ ಮನೆಗೆ ಹೋಗುವವರಿಗೆ ಆ ಅಭ್ಯಾಸಕ್ಕೆ ಬಿಡುವು ಸಿಗದು. ಇದಲ್ಲದೆ ತೋಟಾ ತುಂಬುವ ಮ್ಯಾಗಜೀನ್ ತೆಗೆದ ಮೇಲೂ ಪಿಸ್ತೂಲಿನ ನಳಿಗೆಯ ಬುಡದಲ್ಲಿ ಒಂದು ಗುಂಡು ಉಳಿದಿರಬಹುದು. "ಖಾಲಿ ಇದೆ" ಎಂದುಕೊಂಡು ಆದ ಅನಾಹುತಗಳು ಹೆಚ್ಚಾಗಿ ಹೀಗೇ ಆಗುವುದು.

ಆರ್ಡ್‌ನನ್ಸ್ ಕಾರ್ಖಾನೆಯ .32 ರಿವಾಲ್ವರ್ ತೂಕ ಸುಮಾರು 700 ಗ್ರಾಂ. 2014ರಲ್ಲಿ ಮಹಿಳೆಯರಿಗೆಂದು ಬಂದ ನಿರ್ಭೀಕ್ ಸುಮಾರು 500 ಗ್ರಾಂ, ಬಿಡುಗಡೆಯಾದಾಗಿನ ಬೆಲೆ 1.22 ಲಕ್ಷ ರೂಪಾಯಿ. ಇವೆರಡೂ ನಡುವೆ ಬಾಗಿ ತೆರೆದುಕೊಳ್ಳುವಂಥವು. 2023ರಲ್ಲಿ ಬಂದ ಪ್ರಬಲ್ ರಿವಾಲ್ವರಿನಲ್ಲಿ ಸಿಲಿಂಡರ್, ಅಂದರೆ ತೋಟಾ ತುಂಬುವ ಕೋಣೆಗಳ ಉರುಳೆ, ಪಕ್ಕಕ್ಕೆ ಹೊರಳುತ್ತದೆ. ಹೆಂಡತಿಗೆ, ಮಗಳಿಗೆ ಎಂದು ಕೇಳಿದವರೆಲ್ಲ ಕಣ್ಣುಮುಚ್ಚಿ ಹಗುರದ್ದನ್ನೇ ಆರಿಸುತ್ತಾರೆ. ಹಗುರಾದಷ್ಟೂ ಹಾರಿಸಿದಾಗ ಕೈಯಲ್ಲಿ ಹೆಚ್ಚು ಜಿಗಿಯುತ್ತದೆ. ಬ್ಯಾಗಿನಲ್ಲಿ ಹಗುರ ಎನಿಸಿದ್ದು ಗುರಿ ಹಿಡಿಯುವಾಗಲೂ ಸುಲಭವಾಗಿರಬೇಕೆಂದೇನಿಲ್ಲ. ಯಾರ ಹೆಸರಿಗೆ ಲೈಸೆನ್ಸ್ ಇದೆಯೋ ಅವರೇ ಅಂಗಡಿಗೆ ಬಂದು ಹಿಡಿದು ನೋಡಬೇಕು.

ಕೌಂಟರಿನ ಮುಂದೆ

ಇಲ್ಲೇ ಎಲ್ಲರೂ ಎಡವುವುದು. ಡಬ್ಬಿ ತೆರೆದು, ಪಾಲಿಷ್ ನೋಡಿ, ಫೋಟೊ ಹೊಡೆದು "ಇದೇ ಇರಲಿ" ಎಂದುಬಿಡುತ್ತಾರೆ. ಒಂದು ಗಂಟೆ ಬಿಡುವು ಮಾಡಿಕೊಂಡು ಹೋಗಿ. ಒಂದೇ ಮಾದರಿಯ ಎರಡು ಮೂರು ಆಯುಧ ಹೊರತೆಗೆಸಿ. ಒಂದೇ ಕಾರ್ಖಾನೆಯಿಂದ ಒಂದೇ ವಾರ ಬಂದವುಗಳಲ್ಲೂ ವ್ಯತ್ಯಾಸ ಇರುತ್ತದೆ, ಪಕ್ಕಪಕ್ಕ ಹಿಡಿದಾಗಲೇ ಅದು ತಿಳಿಯುವುದು.

ಮೊದಲು ತೆರೆದು ಆರೂ ಕೋಣೆ ಖಾಲಿ ಇವೆಯೇ ಎಂದು ಕಣ್ಣಿನಿಂದ ನೋಡಿ, ಆಮೇಲೆ ಕಿರುಬೆರಳಿನ ತುದಿಯಿಂದ ಮುಟ್ಟಿ ನೋಡಿ. ಅಂಗಡಿಯವರು ನೋಡಿ ಕೊಟ್ಟಿದ್ದರೂ ನೀವು ನೋಡಿ. ನಳಿಗೆಯ ಮೂತಿ ಯಾವಾಗಲೂ ಗೋಡೆಯ ಕಡೆಗಿರಲಿ, ಯಾರೂ ಓಡಾಡದ ಕಡೆ.

ಟ್ರಿಗರ್ ಎಳೆಯುವ ಮುನ್ನ ಅಂಗಡಿಯವರ ಒಪ್ಪಿಗೆ ಕೇಳಿ, ಸಿಡಿಯದ ಡಮ್ಮಿ ತೋಟಾ ಹಾಕಿಸಿಕೊಳ್ಳಿ. ಈಗ ಒಂದೇ ಕೈಯಲ್ಲಿ, ತೋಳು ಚಾಚಿ, ಹಿಂಬದಿಯಲ್ಲಿ ತೋಟಾ ಬಡಿಯುವ ಹ್ಯಾಮರ್ ಮುಟ್ಟದೆ, ಬರೀ ಟ್ರಿಗರ್ ಎಳೆಯಿರಿ. ಒಮ್ಮೆಯಲ್ಲ, ಆರು ಸಲ. ಮೊದಲೆರಡು ಸಲ ಎಲ್ಲರಿಗೂ ಆಗುತ್ತದೆ. ಐದು ಆರನೆಯದಕ್ಕೆ ಬೆರಳು ಸೋಲುತ್ತದೆಯೇ, ಮೂತಿ ಪಕ್ಕಕ್ಕೆ ಎಳೆಯುತ್ತದೆಯೇ ನೋಡಿ. ಆಮೇಲೆ ಎಡಗೈಯಲ್ಲೂ ಮಾಡಿ. ಬೆರಳಿನ ಮೊದಲ ಗೆಣ್ಣಿನವರೆಗಿನ ಮೆತ್ತನೆ ಭಾಗ ಟ್ರಿಗರ್ ಮೇಲೆ ಕೂರಬೇಕು. ತುದಿ ಮಾತ್ರ ತಾಗುತ್ತಿದ್ದರೆ ಹಿಡಿಕೆ ನಿಮಗೆ ದೊಡ್ಡದು. ಕುಂದಾಪುರದವರಿಗೆ ಆಗಿದ್ದ ಮೋಸ ಈ ಒಂದು ಪರೀಕ್ಷೆಯಲ್ಲೇ ಗೊತ್ತಾಗಿಬಿಡುತ್ತಿತ್ತು.

ಮುಂದಿನದು ನಿಧಾನದ ಕೆಲಸ. ಹ್ಯಾಮರನ್ನು ಹೆಬ್ಬೆರಳಿನಿಂದ ತೀರಾ ಮೆಲ್ಲಗೆ ಹಿಂದಕ್ಕೆಳೆಯಿರಿ, ಇನ್ನೊಂದು ಕೈ ಬೆರಳು ಸಿಲಿಂಡರ್ ಮೇಲೆ ಹಗುರವಾಗಿ ತಾಗಿರಲಿ. ಹ್ಯಾಮರ್ ಕೊನೆ ಮುಟ್ಟುವ ಮೊದಲೇ, ಹೆಚ್ಚೆಂದರೆ ಅದರ ಜೊತೆಜೊತೆಗೇ, ಸಿಲಿಂಡರ್ "ಟಕ್" ಎಂದು ಕಚ್ಚಿಕೊಳ್ಳಬೇಕು. ಹ್ಯಾಮರ್ ನಿಂತ ಮೇಲೂ ಸಿಲಿಂಡರನ್ನು ಬೆರಳಿನಿಂದ ಒಂದಿಷ್ಟು ತಿರುಗಿಸಿದಾಗ ಕಚ್ಚಿಕೊಂಡರೆ ಆ ಆಯುಧ ಬೇಡ. ತೋಟಾ ನಳಿಗೆಗೆ ನೇರವಾಗುವ ಮುಂಚೆಯೇ ಹ್ಯಾಮರ್ ಬೀಳುತ್ತದೆ, ಗುಂಡಿನ ಸೀಸ ಪಕ್ಕಕ್ಕೆ ಕೆತ್ತಿ ಸಿಡಿಯುತ್ತದೆ. ಇದನ್ನು ಆರೂ ಕೋಣೆಗೆ ಒಂದೊಂದಾಗಿ ನೋಡಿ. ಐದು ಸರಿಯಿದ್ದು ಒಂದು ಮಾತ್ರ ಸೋಮಾರಿಯಾಗಿರುವ ಸಿಲಿಂಡರುಗಳು ಎಷ್ಟೋ ನನ್ನ ಕೈಯಲ್ಲಿ ಹಾದುಹೋಗಿವೆ.

ಹ್ಯಾಮರ್ ಎಳೆದು ನಿಲ್ಲಿಸಿದ ಸ್ಥಿತಿಯಲ್ಲೇ, ಟ್ರಿಗರ್ ಮುಟ್ಟದೆ, ಹಿಂದಿನಿಂದ ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಿ. ಅದು ಕದಲಬಾರದು. ಜಾರಿ ಬಿದ್ದರೆ ಡಬ್ಬಿ ಮುಚ್ಚಿ ವಾಪಸ್ ಕೊಡಿ. "ಬಳಸ್ತಾ ಬಳಸ್ತಾ ಸರಿಹೋಗುತ್ತೆ" ಎನ್ನುವ ಮಾತು ಕೇಳಬೇಡಿ. ಬಳಕೆಯಿಂದ ಸವೆಯುತ್ತದೆಯೇ ಹೊರತು ಕೂಡಿಕೊಳ್ಳುವುದಿಲ್ಲ.

ಬಾಗಿ ತೆರೆಯುವ ಮಾದರಿಯಾದರೆ ಮುಚ್ಚಿದ ಮೇಲೆ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ನಳಿಗೆ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಕೀಲಿನಲ್ಲಿ ಕಟಕಟ ಎಂದರೆ ಬೇಡ. ಸಿಲಿಂಡರನ್ನು ಹಿಂದೆ ಮುಂದೆ ನೂಕಿ ನೋಡಿ, ಕೂದಲೆಳೆಯಷ್ಟು ಆಟ ಇರಬಹುದು, ಕಣ್ಣಿಗೆ ಎದ್ದು ಕಾಣುವಷ್ಟು ಇರಬಾರದು. ಪಕ್ಕದಿಂದ ಬೆಳಕಿಗೆ ಹಿಡಿದರೆ ಸಿಲಿಂಡರಿಗೂ ನಳಿಗೆಗೂ ನಡುವೆ ತೆಳು ಬೆಳಕಿನ ಗೆರೆ ಕಾಣುತ್ತದೆ. ಆ ಗೆರೆ ಮೇಲೂ ಕೆಳಗೂ ಒಂದೇ ದಪ್ಪ ಇರಲಿ.

ಕೊನೆಗೆ ತೆರೆದು, ನಳಿಗೆಯ ಬುಡದಲ್ಲಿ ಬಿಳಿ ಕಾಗದ ಹಿಡಿದು ಮೂತಿಯಿಂದ ಇಣುಕಿ. ಒಳಗಿನ ಸುತ್ತುಗೆರೆಗಳು ಚೂಪಾಗಿ ಕಾಣಬೇಕು. ನಡುವೆ ಎಲ್ಲಾದರೂ ಕಪ್ಪು ಉಂಗುರ ಕಂಡರೆ ಅಲ್ಲಿ ನಳಿಗೆ ಉಬ್ಬಿದೆ ಎಂದರ್ಥ. ಹಿಂದೆ ಯಾವಾಗಲೋ ಒಳಗೆ ಸೀಸ ಸಿಕ್ಕಿಕೊಂಡಿದ್ದಾಗಲೇ ಇನ್ನೊಂದು ಗುಂಡು ಹಾರಿಸಿರುತ್ತಾರೆ. ಹೊಸ ಆಯುಧದಲ್ಲಿ ಇದು ಅಪರೂಪ, ಹಳೆಯದರಲ್ಲಿ ಅಲ್ಲ.

ಹಳೆಯ ವಿಲಾಯತಿ ಮಾಲು

ಕ್ರೀಡಾಪಟುಗಳನ್ನು ಬಿಟ್ಟರೆ ಸಾಮಾನ್ಯರು ವಿದೇಶದಿಂದ ರಿವಾಲ್ವರ್ ತರಿಸುವುದು 1980ರ ದಶಕದಲ್ಲೇ ನಿಂತುಹೋಯಿತು. ಹಾಗಾಗಿ ಅಜ್ಜನ ಕಾಲದ, ಇಂಗ್ಲೆಂಡಿನ ವೆಬ್ಲಿ ಸ್ಕಾಟ್ ರಿವಾಲ್ವರಿಗೆ ಇಂದೂ ಲಕ್ಷಗಟ್ಟಲೆ ಬೆಲೆ. ಹೆಸರಿಗೆ ಹಣ ಕೊಡಬೇಡಿ. ಮುಂಬಯಿ, ಗೋವೆಯ ಕಡಲ ಗಾಳಿಯಲ್ಲಿ ನಲವತ್ತು ಮಳೆಗಾಲ ಕಂಡ ಉಕ್ಕಿಗೆ ಹೊರಗಿನಿಂದ ಹೊಸ ಬಣ್ಣ ಕೊಟ್ಟು ಮಾರುತ್ತಾರೆ. ಒಳಗೆ ಸಿಡುಬಿನ ಕಲೆಯಂತೆ ತುಕ್ಕು ತಿಂದ ಗುಳಿಗಳಿರುತ್ತವೆ, ಹಿಡಿಕೆಯ ಹಲಗೆ ಬಿಚ್ಚಿಸಿದರೆ ಒಳಗಿನ ಸ್ಪ್ರಿಂಗೂ ಕಾಣುತ್ತದೆ. ಒಬ್ಬರಿಂದ ನೇರವಾಗಿ ಕೊಳ್ಳುವುದಾದರೆ, ಮಾರುವವರು ಅಧಿಕಾರಿಗಳಿಗೆ ಬರೆದು ತಿಳಿಸಿ 45 ದಿನ ಕಳೆದಿರಬೇಕು. ಅದಕ್ಕೂ ಮುಂಚೆ ಕೈಬದಲಾಯಿಸಿದರೆ ಇಬ್ಬರೂ ಸಿಕ್ಕಿಬೀಳುತ್ತೀರಿ.

ತೋಟಾ

ತೋಟಾದ ತಳ ಓದಲು ಕಲಿಯಿರಿ. ಕೆ.ಎಫ್. ಎಂದಿದ್ದರೆ ಅದು ನಮ್ಮ ಖಡಕಿಯ ಮದ್ದುಗುಂಡು ಕಾರ್ಖಾನೆಯದು, 1869ರಿಂದ ನಡೆಯುತ್ತಿರುವುದು. ಹಿತ್ತಾಳೆಗೆ ಹಸಿರು ಹಿಡಿದಿದ್ದರೆ ಬೇಡ. ತೋಟಾಕ್ಕೆ ಎಣ್ಣೆ ಸವರಬೇಡಿ, ಕ್ಯಾಪಿನೊಳಗೆ ಇಳಿದರೆ ಸಿಡಿಯುವುದಿಲ್ಲ. ಸಿನಿಮಾದಲ್ಲಿ ಕಾಣುವ ಚರ್ಮದ ತೋಟಾಪಟ್ಟಿಯಲ್ಲಿ ತಿಂಗಳುಗಟ್ಟಲೆ ಸಿಕ್ಕಿಸಿಡುವುದೂ ತಪ್ಪು, ಹಸಿರು ಹಿಡಿಯುವುದು ಅಲ್ಲಿಂದಲೇ. ಲೈಸೆನ್ಸಿನಲ್ಲಿ ಬರೆದ ಲೆಕ್ಕದೊಳಗೆ, ಅಧಿಕೃತ ಶೂಟಿಂಗ್ ರೇಂಜಿನಲ್ಲಿ, ಕೊಂಡ ಮೊದಲ ತಿಂಗಳಲ್ಲೇ ಹಾರಿಸಿ ನೋಡಿ. ಒಂದು ಗುಂಡೂ ಹಾರಿಸದೆ ಐದು ವರ್ಷ ಸೊಂಟದಲ್ಲಿ ಹೊತ್ತು ಲೈಸೆನ್ಸ್ ನವೀಕರಣಕ್ಕೆ ಬರುವವರು ನನಗೆ ಅರ್ಥವೇ ಆಗುವುದಿಲ್ಲ.

ಮುಚ್ಚಿ ಒಯ್ಯುವುದು

ತೋರುವಂತೆ ಇಟ್ಟುಕೊಳ್ಳುವುದು ಹಕ್ಕು ಎಂದು ಕೆಲವರು ತಿಳಿದಿದ್ದಾರೆ. 2016ರ ಆಯುಧ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಅದು ಹೋಲ್‌ಸ್ಟರಿನಲ್ಲೋ (ಸೊಂಟಕ್ಕೆ ಸಿಕ್ಕಿಸುವ ಆಯುಧದ ಚೀಲ) ಬ್ಯಾಗಿನಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ನಿಮ್ಮ ಹಿಡಿತದಲ್ಲಿರಬೇಕು. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಹಾರಿಸಿ ಜನರ ಜೀವಕ್ಕೆ ಕುತ್ತು ತಂದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಹೋಲ್‌ಸ್ಟರ್ ವಿಷಯದಲ್ಲಿ ಜಿಪುಣತನ ಬೇಡ. ಮುನ್ನೂರು ರೂಪಾಯಿಗೆ ಸಿಗುವ ಮೆತ್ತನೆ ನೈಲಾನ್ ಚೀಲ ಕೊಳ್ಳಲೇಬೇಡಿ. ಅದರ ಬಾಯಿ ಮುದುಡಿಕೊಳ್ಳುತ್ತದೆ, ಬಟ್ಟೆಯ ಮೇಲಿಂದಲೇ ಟ್ರಿಗರ್ ಒತ್ತಲು ಬರುತ್ತದೆ, ಸ್ಕೂಟರ್ ಮೇಲೆ ಕೂತರೆ ಜಾರುತ್ತದೆ. ಟ್ರಿಗರ್ ಪೂರ್ತಿ ಮುಚ್ಚುವ, ಗಟ್ಟಿ ಚರ್ಮದ, ಗುಂಡಿ ಪಟ್ಟಿ ಇರುವ ಹೋಲ್‌ಸ್ಟರ್ ಬೇಕು, ಜೊತೆಗೆ ದಪ್ಪ ಬೆಲ್ಟ್. ಅಂಗಡಿಗೆ ಆಯುಧವನ್ನು ಖಾಲಿ ಮಾಡಿ ಒಯ್ದು ಅದರ ಅಳತೆಗೇ ಹೊಲಿಸಿದರೆ ಇನ್ನೂ ಒಳ್ಳೆಯದು. ಹಾಕಿಕೊಂಡು ಕೂತು, ಎದ್ದು, ಬಗ್ಗಿ ನೋಡಿ. ಹೆಂಗಸರ ಬ್ಯಾಗಿನಲ್ಲಾದರೆ ಅದಕ್ಕೇ ಬೇರೆ ಖಾನೆ ಇರಲಿ, ಕೀಲಿಗೊಂಚಲಿನ ಜೊತೆ ಎಂದೂ ಬೇಡ. ಕಾರಿನ ಡ್ಯಾಶ್‌ಬೋರ್ಡ್ ಖಾನೆ ಆಯುಧ ಇಡುವ ಜಾಗವೇ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಗೆ ಬಂದ ತಕ್ಷಣ ಹೋಲ್‌ಸ್ಟರಿನಿಂದ ತೆಗೆದು ಒಣ ಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಎಣ್ಣೆ ಕೈ ಆಡಿಸಿ. ಒದ್ದೆ ಚರ್ಮದೊಳಗೆ ಒಂದು ರಾತ್ರಿ ಬಿಟ್ಟರೂ ತುಕ್ಕು ಏಳುತ್ತದೆ.

ಮನೆಯಲ್ಲಿ

ಆಯುಧ ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ, ಎರಡೂ ಕೀಲಿ ನಿಮ್ಮಲ್ಲೇ. ದಿಂಬಿನ ಕೆಳಗೆ, ಗಾಡ್ರೆಜಿನ ಸೀರೆಗಳ ನಡುವೆ, ದೇವರ ಮನೆಯ ಮೇಲೆ ಇಡುವುದನ್ನೆಲ್ಲ ನೋಡಿದ್ದೇನೆ. ಮಕ್ಕಳಿಗೆ ಆ ಜಾಗಗಳೆಲ್ಲ ನಿಮಗಿಂತ ಚೆನ್ನಾಗಿ ಗೊತ್ತು. ಮನೆಯಲ್ಲಿ ಯಾರಾದರೂ ಮನಸ್ಸು ಕೆಟ್ಟು ಕೂತಿದ್ದರೆ, ಕುಡಿತ ಜಗಳ ನಡೆದಿದ್ದರೆ, ಅಷ್ಟು ದಿನ ಲೈಸೆನ್ಸ್ ಇರುವ ಅಂಗಡಿಯಲ್ಲೋ ಠಾಣೆಯಲ್ಲೋ ಜಮಾ ಮಾಡಿಬಿಡಿ. ಚುನಾವಣೆ ಬಂದಾಗ ಠಾಣೆಯಿಂದ ಕರೆ ಬಂದರೂ ಹೀಗೇ ಜಮಾ ಮಾಡಬೇಕಾಗುತ್ತದೆ. ಕೊಡುವಾಗ ರಸೀದಿಯಲ್ಲಿ ಆಯುಧದ ನಂಬರನ್ನು ಒಂದೊಂದೇ ಅಂಕೆ ಓದಿ ಬರೆಸಿ, ವಾಪಸ್ ಪಡೆಯುವಾಗ ನಳಿಗೆಯ ಮೇಲಿನ ನಂಬರಿಗೆ ಹೋಲಿಸಿ ನೋಡಿಯೇ ಸಹಿ ಹಾಕಿ.