ಗಾಳಿ ಫ್ಯಾನಿನ ರೆಕ್ಕೆ ನಮ್ಮ ಕೊಟ್ಟಿಗೆಗೆ ತೊಲೆಯಾಯಿತು

ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದ ಮೇಲೆ ಕರೆಂಟು ತಯಾರಿಸುವ ಗಾಳಿ ಫ್ಯಾನು ತಿರುಗುವುದನ್ನು ನೋಡುತ್ತಲೇ ವೆಲ್ಡಿಂಗ್ ಕಲಿತವನು ನಾನು. ಈ ಫ್ಯಾನುಗಳ ಆಯಸ್ಸು 20-25 ವರ್ಷ. ಬಿಚ್ಚಿದ ಮೇಲೆ ಕಬ್ಬಿಣ, ತಾಮ್ರ ಗುಜರಿಗೆ ಹೋಗುತ್ತದೆ. ರೆಕ್ಕೆ ಮಾತ್ರ ಯಾರಿಗೂ ಬೇಡ. ಗಾಜಿನ ನಾರು, ರಾಳ (ರೆಸಿನ್ ಅನ್ನುವ ಗಟ್ಟಿಯಾಗುವ ಅಂಟು) ಸೇರಿಸಿ ಮಾಡಿದ ಅದನ್ನು ಕರಗಿಸಲು ಆಗುವುದಿಲ್ಲ. ಐರ್ಲೆಂಡಿನ ಕಾರ್ಕ್‌ನಲ್ಲಿ 2022ರಲ್ಲಿ ಹಳೆಯ ರೆಕ್ಕೆಗಳನ್ನೇ ತೊಲೆಯಾಗಿಟ್ಟು ಸೇತುವೆ ಕಟ್ಟಿದರು ಅಂತ ಓದಿದ್ದೆ. ಹಾಗಾಗಿ ಒಂದು ರೆಕ್ಕೆ ಕೊಂಡು ತಂದೆ.

ಶುರುವಿನಲ್ಲೇ ಎಡವಿದೆ. ಕಬ್ಬಿಣ ಕತ್ತರಿಸಿದ ಹಾಗೆ ಗ್ರೈಂಡರ್ ಹಿಡಿದೆ. ಆ ಧೂಳು ಮೈಗೆಲ್ಲ ಚುಚ್ಚಿ ಮೂರು ದಿನ ತುರಿಕೆ. ಶ್ವಾಸಕೋಶಕ್ಕೆ ಹೋದರೆ ಇನ್ನೂ ಕೆಟ್ಟದ್ದು. ಆಮೇಲೆ ಡೈಮಂಡ್ ಚಕ್ರ ಹಾಕಿ, ನೀರು ಬಿಡುತ್ತಾ ಕತ್ತರಿಸಿದೆ. ಒಳ್ಳೆಯ ಮಾಸ್ಕು, ಕನ್ನಡಕ, ತುಂಬುತೋಳಿನ ಅಂಗಿ ಇಲ್ಲದೆ ಯಾರನ್ನೂ ಹತ್ತಿರ ಬಿಡಲಿಲ್ಲ.

ನಿಜವಾದ ಪಾಠ ಕಲಿಸಿದ್ದು ನಮ್ಮೂರ ಬಡಗಿ ಅಜ್ಜ. ಕತ್ತರಿಸಿದ ತುದಿಯನ್ನು ಬೆರಳಲ್ಲಿ ಸವರಿ, "ಇದು ತೆಂಗಿನ ತೊಲೆ ಇದ್ದಂಗೈತಪ್ಪ, ನಾರು ನೋಡಿ ಕೆಲಸ ಮಾಡು" ಅಂದರು. ಹೌದು, ರೆಕ್ಕೆಯೊಳಗಿನ ಪೆಟ್ಟಿಗೆಯಂಥ ಬೆನ್ನೆಲುಬಿನಲ್ಲಿ ನಾರು ಹೆಚ್ಚಾಗಿ ಉದ್ದಕ್ಕೇ ಓಡುತ್ತದೆ. ಉದ್ದಕ್ಕೆ ಭಾರಿ ಗಟ್ಟಿ, ಅಡ್ಡಕ್ಕೆ ಸೀಳುತ್ತದೆ. ಅಂಚಿನ ಹತ್ತಿರ ಹಾಕಿದ ನನ್ನ ಮೊದಲ ಬೋಲ್ಟು ಕಿತ್ತೇ ಬಂತು. ಅಂಚಿನಿಂದ ದೂರ ತೂತು ಕೊರೆದು, ಎರಡೂ ಕಡೆ ಅಗಲವಾದ ಕಬ್ಬಿಣದ ಪಟ್ಟಿ ಕೊಟ್ಟ ಮೇಲೆ ನಿಂತಿತು.

ರೆಕ್ಕೆಯ ಹಿಂದಿನ ಅಂಚಿನ ತೆಳು ಭಾಗ ತೆಗೆದು, ಆ ಪೆಟ್ಟಿಗೆ ಭಾಗವನ್ನೇ 15 ಅಡಿ ತೊಲೆ ಮಾಡಿದೆ. ಏರಿಸುವ ಮೊದಲು ಎರಡು ತುದಿಗೆ ಆಸರೆ ಕೊಟ್ಟು, 20 ಚೀಲ ಮರಳು ಹೇರಿ ರಾತ್ರಿಯಿಡೀ ಬಿಟ್ಟೆ. ಅರ್ಧ ಇಂಚು ಬಾಗಿತು, ಚೀಲ ಇಳಿಸಿದಾಗ ಮತ್ತೆ ನೆಟ್ಟಗಾಯಿತು. ಹಳೆಯ ಮಾಲು, ಒಳಗೆ ಎಲ್ಲಿ ಬಿರುಕಿದೆಯೋ. ಈ ಪರೀಕ್ಷೆ ಮಾಡದೆ ತಲೆ ಮೇಲೆ ಏರಿಸಲೇಬೇಡಿ.

ಬುಡದ ದುಂಡನೆಯ ಭಾಗ ಸೀಳಿ ಗೋದಲಿ ಮಾಡು ಅಂದರು ಹಲವರು. ಒಪ್ಪಲಿಲ್ಲ. ಗಾಜಿನ ಎಳೆ ಮೇವಿಗೆ ಸೇರಿದರೆ ದನಗಳ ಗತಿ ಏನು? ಒಲೆ, ಬೆಂಕಿಯ ಹತ್ತಿರವೂ ಬೇಡ, ರಾಳ ಉರಿಯುತ್ತದೆ.

ಎರಡು ಮಳೆಗಾಲ ಕಳೆದಿವೆ. ಕತ್ತರಿಸಿದ ತುದಿಗಳಿಗೆ ನೀರು ಇಳಿಯದಂತೆ ರಾಳ ಬಳಿಯುವಾಗ ಒಂದನ್ನು ಮರೆತಿದ್ದೆ. ರೆಕ್ಕೆಯ ಪದರಗಳ ನಡುವೆ ತುಂಬಿರುವ ಹಗುರ ಮರ ಅಂಚಿನಲ್ಲಿ ಉಳಿದಿತ್ತು, ಅದು ನೀರು ಕುಡಿದು ಮೆತ್ತಗಾಗಿತ್ತು. ಅಷ್ಟನ್ನು ಕೆತ್ತಿ ತೆಗೆದು ಮುಚ್ಚಿದೆ. ಈಗ ಮುಂಗಾರಿಗೆ ಮುಂಚೆ ಏಣಿ ಹತ್ತಿ ತೊಲೆಯ ಉದ್ದಕ್ಕೂ ನಾಣ್ಯದಲ್ಲಿ ಕುಟ್ಟುತ್ತೇನೆ. ಟಣ್ ಅನ್ನದೆ ಸದ್ದು ಮಂಕಾದ ಕಡೆ ಒಳಗೆ ಪದರ ಬಿಟ್ಟಿರಬಹುದು, ಅಲ್ಲಿ ಸೀಮೆಸುಣ್ಣದ ಗುರುತು ಹಾಕುತ್ತೇನೆ.